ಮೇಯರ್ ಇಲ್ಲದ ವರ್ಷಗಳು

ಮಹಾರಾಷ್ಟ್ರದ ಮಹಾನಗರಪಾಲಿಕೆಗಳಲ್ಲಿ ಬಜೆಟ್ ಮಂಡನೆಗೆ ಒಂದು ಕ್ರಮವಿದೆ. ಆಯುಕ್ತರು ಮುಂದಿನ ವರ್ಷದ ಆದಾಯ, ಖರ್ಚುಗಳ ಅಂದಾಜು ಬರೆದು ಸ್ಥಾಯಿ ಸಮಿತಿಯ ಮುಂದಿಡುತ್ತಾರೆ. ಸಮಿತಿಯ ಸದಸ್ಯರು ಅದನ್ನು ತಿದ್ದುತ್ತಾರೆ, ಜಗಳವಾಡುತ್ತಾರೆ, ತಮ್ಮ ವಾರ್ಡಿನ ಚರಂಡಿಗೆ, ಶಾಲೆಗೆ, ಸ್ಮಶಾನದ ಗೋಡೆಗೆ ಹಣ ಕೇಳುತ್ತಾರೆ. ಆಮೇಲೆ ಅದು ಎಲ್ಲ ಸದಸ್ಯರ ಸಾಮಾನ್ಯ ಸಭೆಗೆ ಹೋಗುತ್ತದೆ. ಅಲ್ಲಿ ಒಪ್ಪಿಗೆ ಸಿಕ್ಕ ಮೇಲೆಯೇ ಹಣ ಖರ್ಚಾಗಬೇಕು.

ನವಿಮುಂಬಯಿ ಮತ್ತು ಕಲ್ಯಾಣ್-ಡೊಂಬಿವಲಿಯಲ್ಲಿ 2021ರಿಂದ, ಥಾಣೆಯಲ್ಲಿ 2023ರಿಂದ ಈ ಕ್ರಮ ಹೆಸರಿಗಷ್ಟೇ ಉಳಿಯಿತು. ಆಯುಕ್ತರಾಗಿ ಬಜೆಟ್ ಬರೆದವರೇ ಆಡಳಿತಾಧಿಕಾರಿಯಾಗಿ ಅದಕ್ಕೆ ಒಪ್ಪಿಗೆ ಕೊಟ್ಟರು. ಕೇಳುವವರೂ ಅವರೇ, ಕೊಡುವವರೂ ಅವರೇ. ಸಭಾಗೃಹದ ಕುರ್ಚಿಗಳು ಖಾಲಿ ಇದ್ದವು. 2011ರ ಜನಗಣತಿಯ ಲೆಕ್ಕದಲ್ಲೇ ಈ ಮೂರು ನಗರಗಳ ಜನಸಂಖ್ಯೆ 40 ಲಕ್ಷ ದಾಟುತ್ತದೆ. ಇಷ್ಟು ಜನರ ನೀರು, ಕಸ, ಆಸ್ಪತ್ರೆ, ಆಸ್ತಿ ತೆರಿಗೆಗಳ ಬಗ್ಗೆ ಮಾತಾಡಲು ಅವರು ಆರಿಸಿದ ಒಬ್ಬ ಸದಸ್ಯನೂ ಪಾಲಿಕೆಯಲ್ಲಿರಲಿಲ್ಲ.

ನವಿಮುಂಬಯಿ ಪಾಲಿಕೆಯ ಅವಧಿ 2020ರ ಮೇ ತಿಂಗಳಲ್ಲಿ ಮುಗಿಯಿತು, ಕಲ್ಯಾಣ್-ಡೊಂಬಿವಲಿಯದು ಅದೇ ವರ್ಷದ ನವೆಂಬರಿನಲ್ಲಿ, ಥಾಣೆಯದು 2022ರ ಮಾರ್ಚಿನಲ್ಲಿ. ಮುಂದಿನ ಮತದಾನ ನಡೆದದ್ದು 2026ರ ಜನವರಿ 15ರಂದು. ಎಂದರೆ ನವಿಮುಂಬಯಿಯಲ್ಲಿ ಚುನಾಯಿತ ಸದಸ್ಯರಿಲ್ಲದೆ ಕಳೆದ ಕಾಲ ಒಂದು ಪೂರ್ಣ ಐದು ವರ್ಷದ ಅವಧಿಗಿಂತಲೂ ದೊಡ್ಡದು.

ಇದನ್ನು ಕೋವಿಡ್ ಕಾಲದ ಅಪವಾದ ಎಂದು ಬದಿಗಿಡಬಹುದು. ಆದರೆ ಈ ಊರುಗಳ ನಗರಾಡಳಿತದ ನೂರೆಪ್ಪತ್ತು ವರ್ಷಗಳ ಚರಿತ್ರೆಯನ್ನು ಒಟ್ಟಿಗೆ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ಪಾಲಿಕೆಯ ಸಭೆಯೊಳಗೆ ಯಾರು ಕೂರಬಹುದು ಎಂಬ ವಿಷಯದಲ್ಲಿ ಸಮಾನತೆ ಹಂತಹಂತವಾಗಿ ಹೆಚ್ಚಿದೆ. ಆ ಸಭೆ ಏನನ್ನು ತೀರ್ಮಾನಿಸಬಹುದು ಎಂಬ ವಿಷಯದಲ್ಲಿ ಅಧಿಕಾರ ಹಂತಹಂತವಾಗಿ ಕುಗ್ಗಿದೆ. ಈ ಎರಡು ಗೆರೆಗಳನ್ನು ಒಟ್ಟಿಗೆ ನೋಡದಿದ್ದರೆ ಪ್ರಜಾಪ್ರಭುತ್ವ ಹೆಚ್ಚಿತೋ ಕಡಿಮೆಯಾಯಿತೋ ಎಂಬ ಪ್ರಶ್ನೆಗೆ ಅರ್ಧ ಉತ್ತರವಷ್ಟೇ ಸಿಗುತ್ತದೆ.

ತೆರಿಗೆ ಕಟ್ಟುವವರ ಊರು

ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. ಹಳಿಯ ಹಿಂದೆಯೇ ಪುರಸಭೆಗಳೂ ಬಂದವು. 1850ರ ಕಾಯ್ದೆಯ ಬಲದಿಂದ ಕಲ್ಯಾಣದಲ್ಲಿ 1855ರಲ್ಲಿ, ಥಾಣೆಯಲ್ಲಿ 1863ರಲ್ಲಿ ಪುರಸಭೆ ಸ್ಥಾಪನೆಯಾಯಿತು. ಆಗ ಪುರಸಭೆ ಎಂದರೆ ಕಲೆಕ್ಟರರ ಕೈಕೆಳಗಿನ ಸಣ್ಣ ಮಂಡಳಿ. ಊರಿನ ಕೆಲವು ಗಣ್ಯರನ್ನು ಸರ್ಕಾರವೇ ನೇಮಿಸುತ್ತಿತ್ತು. ಉದ್ದೇಶವೂ ಸರಳ: ಬೀದಿ ದೀಪ, ಚರಂಡಿ, ಕೆರೆಗಳ ಖರ್ಚನ್ನು ಊರಿನವರಿಂದಲೇ ವಸೂಲು ಮಾಡುವುದು.

1882ರ ಮೇ 18ರಂದು ವೈಸರಾಯ್ ಲಾರ್ಡ್ ರಿಪ್ಪನ್ ಹೊರಡಿಸಿದ ನಿರ್ಣಯ ಈ ಚಿತ್ರಕ್ಕೆ ಸ್ವಲ್ಪ ಬಣ್ಣ ಕೊಟ್ಟಿತು. ಸ್ಥಳೀಯ ಸಂಸ್ಥೆಗಳು ಭಾರತೀಯರಿಗೆ ರಾಜಕೀಯ ಶಿಕ್ಷಣದ ಶಾಲೆಗಳಾಗಬೇಕು, ಸರ್ಕಾರೇತರ ಸದಸ್ಯರೇ ಹೆಚ್ಚಿರಬೇಕು, ಸಾಧ್ಯವಾದಲ್ಲಿ ಚುನಾವಣೆ ನಡೆಯಬೇಕು ಎಂಬುದು ಅದರ ಸಾರ. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದದ್ದು ಅದರ ಹಿಂದಿನ ವರ್ಷ, 1881ರಲ್ಲಿ. ಎರಡರಲ್ಲೂ ಒಂದು ಸಾಮ್ಯವಿತ್ತು. ಮಾತಾಡುವ ಹಕ್ಕು ಆಸ್ತಿ, ತೆರಿಗೆಗಳ ಮೇಲೆ ನಿಂತಿತ್ತು. ಬಾಡಿಗೆದಾರ, ಕೂಲಿಯವ, ಭಂಗಿ ಕೆಲಸಕ್ಕೆ ದೂಡಲ್ಪಟ್ಟವ ಇವರೆಲ್ಲ ಊರನ್ನು ನಡೆಸುತ್ತಿದ್ದರು, ಆದರೆ ಊರಿನ ಲೆಕ್ಕದಲ್ಲಿರಲಿಲ್ಲ.

ಇದೇ ಕಾಲದಲ್ಲಿ ಪಕ್ಕದ ಮುಂಬಯಿಯಲ್ಲಿ ಆದ ಒಂದು ವ್ಯವಸ್ಥೆ ಇಂದಿಗೂ ಈ ನಗರಗಳನ್ನು ಆಳುತ್ತಿದೆ. 1865ರ ಕಾಯ್ದೆ ಮುಂಬಯಿಯ ಆಡಳಿತವನ್ನು ಒಬ್ಬ ಮುನಿಸಿಪಲ್ ಕಮಿಷನರ್ ಕೈಗೆ ಕೊಟ್ಟಿತು. ಮೊದಲ ಕಮಿಷನರ್ ಆರ್ಥರ್ ಕ್ರಾಫರ್ಡ್ ಚುರುಕಿನ ಮನುಷ್ಯ. ಮಾರುಕಟ್ಟೆ ಕಟ್ಟಿದ, ಚರಂಡಿ ಶುಚಿ ಮಾಡಿಸಿದ, ಜೊತೆಗೆ ಕೈಮೀರಿ ಖರ್ಚು ಮಾಡಿದ. 1871ರಲ್ಲಿ ತೆರಿಗೆದಾರರು ಸಿಡಿದೆದ್ದರು. ಆಗ ಯುವ ವಕೀಲ ಫಿರೋಜ್‌ಶಾ ಮೆಹ್ತಾ ಒಂದು ನಡುದಾರಿ ಸೂಚಿಸಿದರು. ಕೆಲಸ ಮಾಡುವ ಅಧಿಕಾರ ಒಬ್ಬ ಕಮಿಷನರ್ ಕೈಯಲ್ಲೇ ಇರಲಿ, ಅವನನ್ನು ಹದ್ದುಬಸ್ತಿನಲ್ಲಿಡಲು ಚುನಾಯಿತ ಸಭೆ ಇರಲಿ ಎಂಬುದು ಅವರ ವಾದ. 1872ರ ಕಾಯ್ದೆಯಲ್ಲಿ 64 ಸದಸ್ಯರ ಸಭೆ ಬಂತು. ಅರ್ಧದಷ್ಟು ಸದಸ್ಯರನ್ನು ತೆರಿಗೆದಾರರು ಆರಿಸಿದರು. ಮತ ಸಿಕ್ಕಿದ್ದು ವರ್ಷಕ್ಕೆ 50 ರೂಪಾಯಿ ತೆರಿಗೆ ಕಟ್ಟುವವರಿಗೆ ಮಾತ್ರ.

ಮತದ ಬಾಗಿಲು ಮುಂದೆ ಅಗಲವಾಯಿತು. ಮುಂಬಯಿ ಪಾಲಿಕೆಗೆ 1948ರಲ್ಲಿ ವಯಸ್ಕ ಮತದಾನದ ಚುನಾವಣೆ ನಡೆಯಿತು. ಆದರೆ ಮೆಹ್ತಾ ಕಾಲದ ಆ ಕಟ್ಟಡ ಹಾಗೇ ಉಳಿಯಿತು. 1949ರ ಪ್ರಾಂತೀಯ ಮಹಾನಗರಪಾಲಿಕೆ ಕಾಯ್ದೆ ಅದನ್ನೇ ಮುಂದುವರಿಸಿತು. ಇಂದಿಗೂ ಥಾಣೆ, ಕಲ್ಯಾಣ್-ಡೊಂಬಿವಲಿ, ನವಿಮುಂಬಯಿಯಲ್ಲಿ ಕಾರ್ಯಾಧಿಕಾರ ಇರುವುದು ರಾಜ್ಯ ಸರ್ಕಾರ ನೇಮಿಸುವ ಆಯುಕ್ತರ ಕೈಯಲ್ಲಿ. ಮೇಯರ್ ಸಭೆಯ ಅಧ್ಯಕ್ಷರು, ಅಷ್ಟೆ. ಮರಾಠಿಯಲ್ಲಿ ಅವರನ್ನು ಮಹಾಪೌರ ಎನ್ನುತ್ತಾರೆ, ಸದಸ್ಯರನ್ನು ನಗರಸೇವಕ ಎನ್ನುತ್ತಾರೆ. ದೊಡ್ಡ ಪದ ಒಂದು, ವಿನಯದ ಪದ ಒಂದು. ಎರಡರಲ್ಲಿ ಯಾವುದೂ ಆಳುವವನ ಪದವಲ್ಲ.

ಸ್ಥಳೀಯವೆಂದರೆ ಸಮಾನವಲ್ಲ

ಹಿಂದೆ ಎಲ್ಲ ಚೆನ್ನಾಗಿತ್ತು, ಅಧಿಕಾರ ಊರಿನವರ ಕೈಯಲ್ಲಿತ್ತು ಎಂದು ಹೇಳಲು ಹೊರಟರೆ ಮಹಾಡ್ ಅಡ್ಡ ನಿಲ್ಲುತ್ತದೆ. ಥಾಣೆ ಜಿಲ್ಲೆಯ ದಕ್ಷಿಣಕ್ಕಿರುವ ಅಂದಿನ ಕೊಲಾಬಾ ಜಿಲ್ಲೆಯ ಪುಟ್ಟ ಊರು ಅದು. ಸಾರ್ವಜನಿಕ ನೀರಿನ ತಾಣಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂಬ ಬೋಲೆ ನಿರ್ಣಯವನ್ನು 1923ರಲ್ಲಿ ಮುಂಬಯಿ ಶಾಸನಸಭೆ ಅಂಗೀಕರಿಸಿತು. ಅದರಂತೆ ಮಹಾಡ್ ಪುರಸಭೆ 1924ರಲ್ಲಿ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದೆ ಎಂದು ಘೋಷಿಸಿತು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ನೇತೃತ್ವದಲ್ಲಿ ಸಾವಿರಾರು ಜನ ಆ ಕೆರೆಯ ನೀರು ಮುಟ್ಟಿದಾಗ ಸವರ್ಣರು ಹಲ್ಲೆ ಮಾಡಿದರು. ಅದೇ ವರ್ಷ ಆಗಸ್ಟಿನಲ್ಲಿ ಪುರಸಭೆ ತನ್ನ ನಿರ್ಣಯವನ್ನು ಹಿಂತೆಗೆದುಕೊಂಡಿತು.

ಆ ಪುರಸಭೆ ಊರಿನವರದೇ ಆಗಿತ್ತು. ಆದರೆ ಊರಿನವರು ಯಾರು ಎಂಬ ಪ್ರಶ್ನೆಗೆ ಅದರ ಉತ್ತರ ಕಿರಿದಾಗಿತ್ತು. ಕೇಳಿಸಬೇಕಾದವರು ಸಭೆಯೊಳಗೆ ಇಲ್ಲದಿದ್ದರೆ ಸ್ಥಳೀಯ ಅಧಿಕಾರವೆಂಬುದು ಸ್ಥಳೀಯ ಬಲಾಢ್ಯರ ಅಧಿಕಾರವಷ್ಟೇ ಆಗುತ್ತದೆ. ಆದ್ದರಿಂದ ಮುಂದೆ ಬಂದ ಮೀಸಲಾತಿಯನ್ನು ಪ್ರಜಾಪ್ರಭುತ್ವದ ಅಲಂಕಾರವೆಂದು ಓದಲಾಗದು. ಅದಿಲ್ಲದೆ ಇಡೀ ಮಾತೇ ಪೊಳ್ಳು.

ಬಹುಕಾಲ ಹೊರಗಿದ್ದವರು ಒಳಗೆ ಬರಲು ಶಾಸನವೇ ಬೇಕಾಯಿತು. 1992ರಲ್ಲಿ ಸಂಸತ್ತು ಅಂಗೀಕರಿಸಿದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಗೆ ತಕ್ಕಷ್ಟು, ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನ ಸಂವಿಧಾನದಲ್ಲೇ ಬರೆದಾಯಿತು. ಕರ್ನಾಟಕ 1983ರ ಕಾಯ್ದೆಯ ಮೂಲಕ ಪಂಚಾಯತ್‌ಗಳಲ್ಲಿ ಮಹಿಳೆಯರಿಗೆ ಕಾಲುಭಾಗ ಸ್ಥಾನ ಕೊಟ್ಟು ಈ ದಾರಿಯನ್ನು ಮೊದಲೇ ತುಳಿದಿತ್ತು. ಮಹಾರಾಷ್ಟ್ರ 2011ರಲ್ಲಿ ಸ್ಥಳೀಯ ಸಂಸ್ಥೆಗಳ ಅರ್ಧ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಕಲ್ಯಾಣ್-ಡೊಂಬಿವಲಿಯ 122 ಸ್ಥಾನಗಳಲ್ಲಿ, ಥಾಣೆಯ 131ರಲ್ಲಿ, ನವಿಮುಂಬಯಿಯ 111ರಲ್ಲಿ ಅರ್ಧ ಮಹಿಳೆಯರವು. ಗಂಡನ ನೆರಳಿನಲ್ಲಿ ಆರಿಸಿಬಂದವರ ಕಥೆಗಳು ಎಲ್ಲರಿಗೂ ಗೊತ್ತು. ನಲ್ಲಿಗೆ ಎಷ್ಟು ಹೊತ್ತಿಗೆ ನೀರು ಬರಬೇಕು ಎಂದು ಎದ್ದುನಿಂತು ಕೇಳಿದ ಹೆಂಗಸರೂ ಅದೇ ಸಭೆಗಳಲ್ಲಿದ್ದಾರೆ. ರಿಪ್ಪನ್ ಕಾಲದ ಪುರಸಭೆಯಲ್ಲಿ ಈ ದೃಶ್ಯವನ್ನು ಯಾರೂ ಊಹಿಸಿರಲಾರರು. ಸಮಾನತೆಯ ಗೆರೆ ಮೇಲಕ್ಕೇರಿದ್ದು ನಿಜ.

ಬಡ್ತಿ ಸಿಕ್ಕಿತು, ಮತ ಹೋಯಿತು

ಈಗ ಎರಡನೆಯ ಗೆರೆ. ಸ್ವಾತಂತ್ರ್ಯದ ನಂತರದ ಮೊದಲ ದಶಕಗಳಲ್ಲಿ ಈ ಊರುಗಳ ನಗರಸಭೆಗಳು ಸಣ್ಣವಾಗಿದ್ದರೂ ಜೀವಂತವಾಗಿದ್ದವು. ಒಂದು ವರ್ಷದ ಹಿಂದಷ್ಟೇ ಹುಟ್ಟಿದ್ದ ಶಿವಸೇನೆ 1967ರಲ್ಲಿ ತನ್ನ ಮೊದಲ ಚುನಾವಣಾ ಯಶಸ್ಸು ಕಂಡದ್ದು ಥಾಣೆ ನಗರಸಭೆಯಲ್ಲಿ. 40 ಸ್ಥಾನಗಳಲ್ಲಿ 17 ಅದರ ಪಾಲಾದವು. ಅದರ ರಾಜಕೀಯ ಮೆಚ್ಚುವವರೂ ಮೆಚ್ಚದವರೂ ಒಪ್ಪಬೇಕಾದ ಸಂಗತಿ ಒಂದಿದೆ. ಹೊಸ ಪಕ್ಷವೊಂದು ದೊಡ್ಡವರನ್ನು ಎದುರಿಸಿ ಗೆಲ್ಲಬಹುದಾದ ಜಾಗ ಆಗ ನಗರಸಭೆಯೇ ಆಗಿತ್ತು.

ಅದೇ ಕಾಲದಲ್ಲಿ ಮುಂಬಯಿಯ ಬಾಡಿಗೆ ತಾಳಲಾರದ ಮಧ್ಯಮವರ್ಗ ಮಧ್ಯ ರೈಲ್ವೆಯ ಹಳಿಗುಂಟ ಉತ್ತರಕ್ಕೆ ಸರಿಯಿತು. ಮರಾಠಿ ಗುಮಾಸ್ತರು, ಗುಜರಾತಿ ವ್ಯಾಪಾರಿಗಳ ಜೊತೆ ಉಡುಪಿ, ಮಂಗಳೂರು, ಉತ್ತರ ಕನ್ನಡ, ಧಾರವಾಡ ಕಡೆಯವರೂ ಡೊಂಬಿವಲಿ, ಥಾಣೆಗಳಲ್ಲಿ ಮನೆ ಮಾಡಿದರು. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿತು. ಇಂಥ ವಲಸಿಗರಿಗೆ ದೆಹಲಿಯ ಸರ್ಕಾರಕ್ಕಿಂತ ಹತ್ತಿರದ ಸರ್ಕಾರ ನಗರಸಭೆ. ಹೋಟೆಲಿನ ಆರೋಗ್ಯ ಪರವಾನಗಿ, ಕಟ್ಟಡದ ನಕ್ಷೆ, ಜನನ ಪ್ರಮಾಣಪತ್ರ, ನೀರಿನ ಜೋಡಣೆ ಎಲ್ಲವೂ ಅಲ್ಲಿಂದಲೇ.

1982ರ ಅಕ್ಟೋಬರ್ 1ರಂದು ಥಾಣೆ ಮಹಾನಗರಪಾಲಿಕೆಯಾಯಿತು. ಮರುವರ್ಷ ಅದೇ ದಿನ ಕಲ್ಯಾಣ್, ಡೊಂಬಿವಲಿ, ಅಂಬರನಾಥ್ ಪಟ್ಟಣಗಳನ್ನೂ ಸುತ್ತಲಿನ ಹಳ್ಳಿಗಳನ್ನೂ ಕೂಡಿಸಿ ಕಲ್ಯಾಣ್ ಮಹಾನಗರಪಾಲಿಕೆ ಮಾಡಲಾಯಿತು. ಕಾಗದದಲ್ಲಿ ಇದು ಬಡ್ತಿ. ಫಲ ಬೇರೆ. ಥಾಣೆಯ ಜನ ಪಾಲಿಕೆಯ ಮೊದಲ ಸದಸ್ಯರನ್ನು ಆರಿಸಿದ್ದು 1986ರಲ್ಲಿ. ಕಲ್ಯಾಣ್-ಡೊಂಬಿವಲಿಯವರು 1995ರವರೆಗೆ ಕಾದರು. ಹನ್ನೆರಡು ವರ್ಷ ಆಡಳಿತಾಧಿಕಾರಿಯ ಆಳ್ವಿಕೆ. ಡೊಂಬಿವಲಿ ಅತಿ ವೇಗವಾಗಿ ಬೆಳೆದ, ಅನಧಿಕೃತ ಕಟ್ಟಡಗಳು ಸಾಲುಸಾಲಾಗಿ ಎದ್ದ ವರ್ಷಗಳು ಅವೇ. ಊರಿನ ಆಕಾರ ನಿರ್ಧಾರವಾಗುತ್ತಿದ್ದಾಗ ಊರಿನವರ ಸಭೆ ಇರಲಿಲ್ಲ. 2020ರ ನಂತರದ ಖಾಲಿ ಸಭಾಗೃಹ ಕಲ್ಯಾಣದ ಪಾಲಿಗೆ ಹೊಸದಲ್ಲ.

ಖಾಡಿಯ ಆಚೆಯ ಕಥೆ ಇನ್ನೂ ಸ್ಪಷ್ಟ. 1960ರ ದಶಕದಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಮುಂದಿಟ್ಟ ಹೊಸ ನಗರದ ಕನಸನ್ನು ಕಟ್ಟಲು 1970ರ ಮಾರ್ಚಿನಲ್ಲಿ ಸಿಡ್ಕೋ ಎಂಬ ಸರ್ಕಾರಿ ಕಂಪನಿ ಹುಟ್ಟಿತು. ಥಾಣೆ, ಪನ್ವೇಲ್, ಉರಣ್ ತಾಲೂಕುಗಳ 95 ಹಳ್ಳಿಗಳ ನೆಲ ಯೋಜನೆಗೆ ಒಳಪಟ್ಟಿತು. ಆಗ್ರಿ, ಕೋಳಿ ಸಮುದಾಯಗಳ ಗದ್ದೆ, ಉಪ್ಪಿನ ಮಡಿ, ಮೀನುಗಾರಿಕೆಯ ಖಾಡಿಗಳ ಮೇಲೆ ನಗರ ಬಂತು. ಆ ನೆಲದ ಬೆಲೆಯನ್ನೂ ಬಳಕೆಯನ್ನೂ ತೀರ್ಮಾನಿಸಿದ್ದು ಒಂದು ನಿರ್ದೇಶಕ ಮಂಡಳಿ. ಯಾರೂ ಅದನ್ನು ಆರಿಸಿರಲಿಲ್ಲ. 1984ರ ಜನವರಿಯಲ್ಲಿ ದಿ. ಬಾ. ಪಾಟೀಲ್ ನೇತೃತ್ವದಲ್ಲಿ ಜಾಸಯಿಯಲ್ಲಿ ರೈತರು ಬೀದಿಗಿಳಿದರು. ಪೊಲೀಸರ ಗುಂಡಿಗೆ ಐವರು ಬಲಿಯಾದರು. ಸ್ವಾಧೀನವಾದ ನೆಲದ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಮೂಲ ಒಡೆಯರಿಗೆ ಮರಳಿಸುವ ಯೋಜನೆ ಆ ಹೋರಾಟದ ಫಲ. ಮತದಿಂದ ಕೇಳಬಹುದಾಗಿದ್ದನ್ನು ಪ್ರಾಣ ಕೊಟ್ಟು ಕೇಳಬೇಕಾಯಿತು.

ನವಿಮುಂಬಯಿ ಮಹಾನಗರಪಾಲಿಕೆ ಕೆಲಸ ಶುರುಮಾಡಿದ್ದು 1992ರ ಜನವರಿ 1ರಂದು, ಮೊದಲ ಚುನಾವಣೆ ನಡೆದದ್ದು 1995ರಲ್ಲಿ. ನಗರ ಹುಟ್ಟಿ ಕಾಲು ಶತಮಾನದ ನಂತರ ಅದರ ನಿವಾಸಿಗಳು ತಮ್ಮ ನಗರಕ್ಕಾಗಿ ಮೊದಲ ಸಲ ಮತ ಹಾಕಿದರು.

ಸಭೆ ಇತ್ತು, ಕೈ ಕಟ್ಟಿತ್ತು

1995ರಿಂದ ಸುಮಾರು ಕಾಲು ಶತಮಾನ ಮೂರೂ ಪಾಲಿಕೆಗಳಲ್ಲಿ ಚುನಾವಣೆಗಳು ಬಹುಮಟ್ಟಿಗೆ ಹೊತ್ತಿಗೆ ಸರಿಯಾಗಿ ನಡೆದವು. ಆದರೆ ಅದೇ ಅವಧಿಯಲ್ಲಿ ಸಭೆಯ ಕೈಯಲ್ಲಿದ್ದ ಸಾಧನಗಳು ಒಂದೊಂದಾಗಿ ಜಾರಿದವು.

ಮೊದಲನೆಯದು ಹಣ. ಊರಿನ ಗಡಿಯೊಳಗೆ ಬರುವ ಸರಕಿನ ಮೇಲಿನ ಜಕಾತಿ ಪಾಲಿಕೆಗಳ ದೊಡ್ಡ ಸ್ವಂತ ಆದಾಯವಾಗಿತ್ತು. ಲಾರಿಗಳ ಸಾಲು, ನಾಕಾದ ಲಂಚ ಇವೆಲ್ಲ ಇದ್ದವು, ನಿಜ. ಅದರ ಬದಲಿಗೆ ಸ್ಥಳೀಯ ಸಂಸ್ಥಾ ತೆರಿಗೆ ಎಂಬ ಎಲ್‌ಬಿಟಿ ಬಂತು. 2015ರ ಆಗಸ್ಟ್ 1ರಿಂದ ಬಹುಪಾಲು ವ್ಯಾಪಾರಿಗಳಿಗೆ ಅದೂ ರದ್ದಾಯಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಪಾಲಿಕೆಗಳು ರಾಜ್ಯ ಸರ್ಕಾರದ ಪರಿಹಾರಧನಕ್ಕಾಗಿ ತಿಂಗಳು ತಿಂಗಳು ಕಾಯುವವಾದವು. ತನ್ನ ಹಣವನ್ನು ತಾನೇ ಎತ್ತಲಾರದ ಸಭೆಗೆ ತನ್ನ ಮತದಾರರಿಗಿಂತ ಮಂತ್ರಾಲಯವೇ ದೊಡ್ಡದಾಗಿ ಕಾಣುವುದು ಸಹಜ.

ಎರಡನೆಯದು ನೆಲ. 1975ರಲ್ಲಿ ಹುಟ್ಟಿದ ಎಂಎಂಆರ್‌ಡಿಎ, ಅದರ ಜೊತೆಗೆ ಸಿಡ್ಕೋ, ಎಂಐಡಿಸಿ, ಎಂಎಸ್‌ಆರ್‌ಡಿಸಿಗಳು ಮೆಟ್ರೋ, ಹೆದ್ದಾರಿ, ಕೈಗಾರಿಕಾ ಪ್ರದೇಶಗಳನ್ನು ನೋಡಿಕೊಳ್ಳುತ್ತವೆ. ಇವು ಉತ್ತರ ಕೊಡುವುದು ರಾಜ್ಯ ಸರ್ಕಾರಕ್ಕೆ. ಡೊಂಬಿವಲಿಯ ಎಂಐಡಿಸಿ ಪ್ರದೇಶದಲ್ಲಿ 2016ರ ಮೇ ತಿಂಗಳಲ್ಲೂ 2024ರ ಮೇ ತಿಂಗಳಲ್ಲೂ ರಾಸಾಯನಿಕ ಕಾರ್ಖಾನೆಗಳು ಸ್ಫೋಟಗೊಂಡು ಜನ ಸತ್ತರು, ಸುತ್ತಲಿನ ಮನೆಗಳ ಕಿಟಕಿಗಳು ಒಡೆದವು. ಆ ಮನೆಗಳಿಂದ ತೆರಿಗೆ ಪಡೆಯುವುದು ಪಾಲಿಕೆ. ಕಾರ್ಖಾನೆಗೆ ಜಾಗ ಕೊಡುವುದು, ಅದನ್ನು ತಪಾಸಣೆ ಮಾಡುವುದು ಬೇರೆ ಬೇರೆ ರಾಜ್ಯ ಸಂಸ್ಥೆಗಳು. ಎರಡನೆಯ ಸ್ಫೋಟದ ಹೊತ್ತಿಗೆ ಈ ಗೊಂದಲವನ್ನು ಸಭೆಯಲ್ಲಿ ಎತ್ತಿ ಕೇಳಲು ನಗರಸೇವಕರೂ ಇರಲಿಲ್ಲ.

ಮೂರನೆಯದು ಗಡಿ. ಕಲ್ಯಾಣ್ ಸುತ್ತಲಿನ 27 ಹಳ್ಳಿಗಳು 1983ರಲ್ಲಿ ಪಾಲಿಕೆಯೊಳಗೆ ಬಂದವು, 2002ರಲ್ಲಿ ಹೊರಗೆ ಹೋದವು, 2015ರ ಜೂನ್‌ನಲ್ಲಿ ಮತ್ತೆ ಒಳಗೆ ಬಂದವು. 2020ರಲ್ಲಿ ಅವುಗಳಲ್ಲಿ 18 ಹಳ್ಳಿಗಳನ್ನು ಬೇರ್ಪಡಿಸುವ ಅಧಿಸೂಚನೆ ಹೊರಟಿತು, ಮುಂಬಯಿ ಹೈಕೋರ್ಟ್ ಅದನ್ನು ರದ್ದುಮಾಡಿತು. ಒಳಗೆ ಬಂದಾಗ ಆ ಹಳ್ಳಿಗಳು ತಮ್ಮ ಗ್ರಾಮ ಪಂಚಾಯತ್ ಕಳೆದುಕೊಂಡವು. ಊರಿನ ಪ್ರತಿ ಮತದಾರನೂ ಕೂತು ಮಾತಾಡಬಹುದಾದ ಗ್ರಾಮಸಭೆಯೂ ಅದರೊಂದಿಗೆ ಹೋಯಿತು. ಪ್ರತ್ಯೇಕ ನಗರಸಭೆ ಬೇಕು ಎಂದು ಅಲ್ಲಿನ ಸಂಘರ್ಷ ಸಮಿತಿ ವರ್ಷಗಟ್ಟಲೆ ಕೇಳಿತು. ತಾವು ಯಾವ ಊರಿನವರು ಎಂಬುದನ್ನೇ ತೀರ್ಮಾನಿಸಲಾಗದವರಿಗೆ ಉಳಿದ ತೀರ್ಮಾನಗಳು ಎಲ್ಲಿಂದ ಬರಬೇಕು?

ನಾಲ್ಕನೆಯದು ಆಯುಕ್ತರ ಮೇಲಿನ ಹಿಡಿತ. 2016ರ ಅಕ್ಟೋಬರಿನಲ್ಲಿ ನವಿಮುಂಬಯಿ ಪಾಲಿಕೆ ಆಯುಕ್ತ ತುಕಾರಾಮ್ ಮುಂಢೆ ವಿರುದ್ಧ ಅವಿಶ್ವಾಸ ನಿರ್ಣಯ ಅಂಗೀಕರಿಸಿತು. 111 ಸದಸ್ಯರ ಸಭೆಯಲ್ಲಿ ಬಿಜೆಪಿಯ ಆರು ಜನರನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲರೂ ಒಂದು ಕಡೆ. ರಾಜ್ಯ ಸರ್ಕಾರ ನಿರ್ಣಯವನ್ನು ತಡೆಹಿಡಿಯಿತು, ಆಯುಕ್ತರು ಉಳಿದರು. ಕೆಲವೇ ತಿಂಗಳಲ್ಲಿ, 2017ರ ಮಾರ್ಚಿನಲ್ಲಿ, ಅದೇ ಸರ್ಕಾರ ಅವರನ್ನು ವರ್ಗ ಮಾಡಿತು. ಮುಂಢೆ ಸರಿಯೋ ನಗರಸೇವಕರು ಸರಿಯೋ ಎಂಬ ಚರ್ಚೆ ಇವತ್ತಿಗೂ ವಾಶಿ, ನೆರೂಳ್‌ಗಳಲ್ಲಿ ನಡೆಯಬಹುದು. ಅವರು ಉಳಿದದ್ದೂ ಹೋದದ್ದೂ ನವಿಮುಂಬಯಿಯ ತೀರ್ಮಾನದಿಂದ ಅಲ್ಲ ಎಂಬುದರಲ್ಲಿ ಚರ್ಚೆಯಿಲ್ಲ.

ಆಡಳಿತಾಧಿಕಾರಿಯೇ ಮೇಲು ಎಂಬ ವಾದ

ಇಷ್ಟಾದರೂ ಚುನಾವಣೆ ನಡೆಯದ ವರ್ಷಗಳಲ್ಲಿ ಈ ನಗರಗಳ ಬೀದಿಗಳಲ್ಲಿ ದೊಡ್ಡ ಪ್ರತಿಭಟನೆ ಏಳಲಿಲ್ಲ. ಅನೇಕರಿಗೆ ನಿಟ್ಟುಸಿರೇ ಬಂತು. ಅದಕ್ಕೆ ಕಾರಣವಿದೆ. ಥಾಣೆ ಪಾಲಿಕೆಯ ಗುತ್ತಿಗೆಗಳಲ್ಲಿ ಕಮಿಷನ್ ಹೇಗೆ ಹಂಚಿಹೋಗುತ್ತಿತ್ತು ಎಂಬುದನ್ನು ನಂದಲಾಲ್ ಸಮಿತಿ ತನಿಖೆ ಮಾಡಿದ್ದನ್ನು ಹಳಬರು ಮರೆತಿಲ್ಲ. 1990ರ ದಶಕದ ಕೊನೆಯಲ್ಲಿ ಥಾಣೆಯ ಆಯುಕ್ತರಾಗಿದ್ದ ಟಿ. ಚಂದ್ರಶೇಖರ್ ಅತಿಕ್ರಮಣ ಒಡೆಸಿ ರಸ್ತೆ ಅಗಲ ಮಾಡಿದ್ದನ್ನೂ ಮರೆತಿಲ್ಲ. ನಗರಸೇವಕ ಎಂದರೆ ಕಮಿಷನ್, ಆಯುಕ್ತ ಎಂದರೆ ರಸ್ತೆ ಎಂಬ ಸಮೀಕರಣ ಮಧ್ಯಮವರ್ಗದ ಮನಸ್ಸಿನಲ್ಲಿ ಹೀಗೆ ಕೂತಿತು.

ಆದರೆ ಅದೇ ಉದಾಹರಣೆಯಲ್ಲಿ ಇನ್ನೊಂದು ಸಂಗತಿಯಿದೆ. ಚಂದ್ರಶೇಖರ್ ಕೆಲಸ ಮಾಡಿದ್ದು ಚುನಾಯಿತ ಸಭೆ ಇದ್ದಾಗ. ವಿರೋಧಿಸುವವರಿದ್ದರು, ಒಪ್ಪಿಸಬೇಕಾಗಿತ್ತು. ಸಭೆಯೇ ಇಲ್ಲದಾಗ ಒಳ್ಳೆಯ ಆಯುಕ್ತರು ಸಿಗುವುದು ಅದೃಷ್ಟದ ಮಾತು. ಕೆಟ್ಟವರು ಸಿಕ್ಕರೆ ಕೇಳುವ ದಾರಿ ಇಲ್ಲ. ಥಾಣೆ ಪಾಲಿಕೆಯೇ ನಡೆಸುವ ಕಳವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಯಲ್ಲಿ 2023ರ ಆಗಸ್ಟಿನಲ್ಲಿ 24 ಗಂಟೆಗಳಲ್ಲಿ 18 ರೋಗಿಗಳು ಸತ್ತರು. ನಗರಸೇವಕರಿದ್ದರೆ ಆ ಸಾವುಗಳು ತಪ್ಪುತ್ತಿದ್ದವು ಎಂದು ಹೇಳಲು ಆಧಾರವಿಲ್ಲ. ಆದರೆ ಮರುದಿನ ಸಭೆ ಸೇರಿ, ಹಾಸಿಗೆ ಎಷ್ಟು, ಡಾಕ್ಟರು ಎಷ್ಟು, ಬಜೆಟ್ ಎಲ್ಲಿ ಹೋಯಿತು ಎಂದು ಆಯುಕ್ತರನ್ನು ಎದುರು ಕೂರಿಸಿ ಕೇಳುವ ಜಾಗ ಆಗ ಊರಿನಲ್ಲಿರಲಿಲ್ಲ. ಟಿವಿ ಕ್ಯಾಮರಾಗಳಿದ್ದವು, ಮಂತ್ರಿಗಳ ಭೇಟಿಯಿತ್ತು, ತನಿಖಾ ಸಮಿತಿಯಿತ್ತು. ಇವೆಲ್ಲ ಮೇಲಿನಿಂದ ಬಂದವು.

ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರ ಈ ವಾದದ ಕೊನೆ ಎಲ್ಲಿಗೆ ಮುಟ್ಟಬಹುದು ಎಂದು ತೋರಿಸಿತು. ಸಾಲದಲ್ಲಿ ಮುಳುಗಿದ ನಗರಗಳಿಗೆ ರಾಜ್ಯವೇ ತುರ್ತು ವ್ಯವಸ್ಥಾಪಕರನ್ನು ನೇಮಿಸುವ ಕಾಯ್ದೆ ಅಲ್ಲಿತ್ತು. ಜನರು 2012ರ ಜನಮತದಲ್ಲಿ ಆ ಕಾಯ್ದೆಯನ್ನು ತಿರಸ್ಕರಿಸಿದರು. ಶಾಸನಸಭೆ ಅದೇ ವರ್ಷದ ಕೊನೆಗೆ ಇನ್ನೊಂದು ಹೆಸರಿನಲ್ಲಿ ಅದನ್ನು ಮರಳಿ ತಂದಿತು. ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಕಪ್ಪುಜನರಿದ್ದ ಫ್ಲಿಂಟಿನಲ್ಲಿ ಮೇಯರೂ ಕೌನ್ಸಿಲೂ ಹೆಸರಿಗಿದ್ದರು, ಅಧಿಕಾರ ವ್ಯವಸ್ಥಾಪಕರದು. 2014ರ ಏಪ್ರಿಲಿನಲ್ಲಿ ಖರ್ಚು ಉಳಿಸಲು ನಗರದ ನೀರಿನ ಮೂಲವನ್ನು ಫ್ಲಿಂಟ್ ನದಿಗೆ ಬದಲಿಸಲಾಯಿತು. ಸರಿಯಾಗಿ ಸಂಸ್ಕರಿಸದ ನೀರು ಹಳೆಯ ಕೊಳವೆಗಳ ಸೀಸವನ್ನು ಮನೆಮನೆಗೆ ತಂದಿತು. ಜನ ಕಂದು ನೀರಿನ ಬಾಟಲಿ ಹಿಡಿದು ತಿಂಗಳುಗಟ್ಟಲೆ ಕೂಗಿದರು. ಸೋಲಿಸಬಹುದಾದ ಯಾರೂ ಆ ಕುರ್ಚಿಯಲ್ಲಿರಲಿಲ್ಲ.

ಭ್ರಷ್ಟ ನಗರಸೇವಕನಿಗೆ ಐದು ವರ್ಷಕ್ಕೊಮ್ಮೆ ಜನರ ಮುಂದೆ ನಿಲ್ಲುವ ಭಯವಿದೆ. ಅಷ್ಟು ಸಣ್ಣ ಭಯದಿಂದಲೇ ಬಡಾವಣೆಯ ಎಷ್ಟೋ ಕೆಲಸ ನಡೆಯುತ್ತದೆ. ಅನಧಿಕೃತ ಕಟ್ಟಡದಲ್ಲಿ ಜೀವಮಾನದ ಉಳಿತಾಯ ಸುರಿದವರನ್ನು ನೋಡಿ. ಸುಳ್ಳು ಪರವಾನಗಿಗಳಿಂದ ರೇರಾ ನೋಂದಣಿ ಪಡೆದ ಕಲ್ಯಾಣ್-ಡೊಂಬಿವಲಿಯ 65 ಕಟ್ಟಡಗಳನ್ನು ಕೆಡವಲು ಹೈಕೋರ್ಟ್ 2024ರ ನವೆಂಬರಿನಲ್ಲಿ ಆದೇಶಿಸಿತು. ಆಗ ಆ ಕುಟುಂಬಗಳಿಗೆ ಬಾಗಿಲು ತಟ್ಟಲು ವಾರ್ಡಿನ ಪ್ರತಿನಿಧಿಯೇ ಇರಲಿಲ್ಲ. ಹಣವಂತರಿಗೆ ವಕೀಲರೂ ಶಾಸಕರೂ ಸಿಗುತ್ತಾರೆ. ಹತ್ತಿರದ ಪ್ರತಿನಿಧಿ ಇಲ್ಲದಿದ್ದರೆ ಮೊದಲು ಸೊರಗುವುದು ಬಡವನ ಅಹವಾಲು. ಆದ್ದರಿಂದ ಎರಡು ಗೆರೆಗಳು ಬೇರೆಬೇರೆಯಲ್ಲ. ಅಧಿಕಾರ ಸಭೆಯಿಂದ ಜಾರಿದಾಗ ಸಭೆಯೊಳಗೆ ಗೆದ್ದ ಸಮಾನತೆಯ ಬೆಲೆಯೂ ಇಳಿಯುತ್ತದೆ.

ಕೋರ್ಟಿನಿಂದ ಬಂದ ಚುನಾವಣೆ

ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನದ 243-ಯು ವಿಧಿ ಹೇಳುತ್ತದೆ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರಲ್ಲಿ ಇದನ್ನೇ ಒತ್ತಿ ಹೇಳಿತ್ತು. ಆದರೂ ವಿಳಂಬ ಹೇಗಾಯಿತು? ಮೊದಲು ಕೋವಿಡ್. ಆಮೇಲೆ 2021ರ ಮಾರ್ಚ್ 4ರ ಗವಳಿ ತೀರ್ಪು. ಇತರ ಹಿಂದುಳಿದ ವರ್ಗಗಳ ಮೀಸಲಾತಿಗೆ ಆಯೋಗದ ಅಧ್ಯಯನ ಬೇಕು, ಸ್ಥಳೀಯ ಸಂಸ್ಥೆವಾರು ಪ್ರಮಾಣ ನಿಗದಿಯಾಗಬೇಕು, ಒಟ್ಟು ಮೀಸಲಾತಿ ಶೇಕಡಾ 50 ದಾಟಬಾರದು ಎಂಬ ಮೂರು ಷರತ್ತುಗಳನ್ನು ಅದು ಹಾಕಿತು. ಮಹಾರಾಷ್ಟ್ರದಲ್ಲಿ ಅಂಥ ಅಧ್ಯಯನ ಆಗಿರಲಿಲ್ಲ. ಬಾಂಠಿಯಾ ಆಯೋಗದ ವರದಿ ಬಂದದ್ದು 2022ರಲ್ಲಿ. ಅಷ್ಟರಲ್ಲಿ ಸರ್ಕಾರ ಬದಲಾಗಿ ವಾರ್ಡುಗಳ ಸಂಖ್ಯೆಯ ತಕರಾರು ಎದ್ದಿತು, ಪ್ರಕರಣ ಮತ್ತೆ ಕೋರ್ಟಿನಲ್ಲಿ ನಿಂತಿತು. 2025ರ ಮೇ 6ರಂದು ಸುಪ್ರೀಂ ಕೋರ್ಟ್ ಚುನಾವಣೆ ನಡೆಸಿ ಎಂದು ಆದೇಶಿಸಿತು, ಕೊನೆಗೆ 2026ರ ಜನವರಿ 31ರ ಗಡುವು ವಿಧಿಸಿತು.

ಇಲ್ಲಿ ನೋವಿನ ವ್ಯಂಗ್ಯವಿದೆ. ಹಿಂದುಳಿದವರಿಗೆ ಎಷ್ಟು ಸ್ಥಾನ ಎಂಬ ಸಮಾನತೆಯ ಪ್ರಶ್ನೆ ಬಗೆಹರಿಯುವವರೆಗೆ ಯಾರಿಗೂ ಸ್ಥಾನವಿರಲಿಲ್ಲ. ಅಧ್ಯಯನವನ್ನು ಸಕಾಲದಲ್ಲಿ ಮಾಡದ ಸರ್ಕಾರಗಳಿಗೆ ಈ ವಿಳಂಬದಿಂದ ನಷ್ಟವೇನೂ ಆಗಲಿಲ್ಲ. ನಗರಗಳ ಆಡಳಿತ ಅವುಗಳ ಕೈಗೇ ಬಂತು. ಈ ಅವಧಿಯಲ್ಲಿ ಎದುರುಬದುರಿನ ಎರಡು ಮೈತ್ರಿಕೂಟಗಳೂ ಅಧಿಕಾರದಲ್ಲಿದ್ದವು. ದೋಷ ಒಂದೇ ಪಕ್ಷದ್ದಲ್ಲ. ಕರ್ನಾಟಕದ ಓದುಗರು ನಗುವಂತೆಯೂ ಇಲ್ಲ. ಬಿಬಿಎಂಪಿಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಐದು ವರ್ಷ ಚುನಾವಣೆ ಇಲ್ಲದೆಯೇ, 2025ರ ಸೆಪ್ಟೆಂಬರಿನಲ್ಲಿ ಅದು ಐದು ಪಾಲಿಕೆಗಳಾಗಿ ಒಡೆಯಿತು.

2026ರ ಜನವರಿ 15ರ ಮತದಾನವೂ ಹಳೆಯ ರೀತಿಯದಲ್ಲ. ಹಿಂದಿನ, ಎಂದರೆ 2015ರ ಚುನಾವಣೆಯಲ್ಲಿ ಕಲ್ಯಾಣ್-ಡೊಂಬಿವಲಿ, ನವಿಮುಂಬಯಿಗಳಲ್ಲಿ ಒಂದು ವಾರ್ಡಿಗೆ ಒಬ್ಬ ಸದಸ್ಯರಿದ್ದರು. ಈ ಸಲ ಥಾಣೆಯಲ್ಲಿದ್ದಂತೆ ಬಹುತೇಕ ಎಲ್ಲ ಪ್ರಭಾಗಗಳಿಗೂ ನಾಲ್ವರು. ಪಕ್ಷದ ಪೂರ್ಣ ತಂಡ ಕಟ್ಟಲಾರದ ಸ್ವತಂತ್ರ ಅಭ್ಯರ್ಥಿಗೆ ಇಷ್ಟು ದೊಡ್ಡ ಪ್ರಭಾಗದಲ್ಲಿ ಗೆಲ್ಲುವುದು ಕಷ್ಟ. ನೀರು ಬರದಿದ್ದರೆ ನಾಲ್ವರಲ್ಲಿ ಯಾರನ್ನು ಹಿಡಿಯಬೇಕೆಂದು ಮತದಾರನಿಗೂ ತಿಳಿಯದು. ಅಮೆರಿಕದ ನಗರಗಳು 20ನೇ ಶತಮಾನದ ಆರಂಭದಲ್ಲಿ ಸುಧಾರಣೆಯ ಹೆಸರಿನಲ್ಲಿ ವಾರ್ಡು ಕೈಬಿಟ್ಟು ಇಡೀ ನಗರಕ್ಕೆ ಒಟ್ಟಾಗಿ ಚುನಾವಣೆ ನಡೆಸಿದವು. ಅಲಬಾಮಾದ ಮೊಬೀಲ್ ನಗರದಲ್ಲಿ 1911ರಿಂದ ಹಾಗೆಯೇ ನಡೆಯಿತು. 1980ರವರೆಗೂ ಆ ನಗರದ ಮಂಡಳಿಗೆ ಒಬ್ಬ ಕಪ್ಪುಮನುಷ್ಯನೂ ಆರಿಸಿಬರಲಿಲ್ಲ. ಇಲ್ಲಿ ಮೀಸಲು ಸ್ಥಾನಗಳಿರುವುದರಿಂದ ಅಷ್ಟು ಕೆಟ್ಟ ಫಲ ಬರಲಾರದು. ಆದರೂ ಪಾಠ ಒಂದೇ: ವಾರ್ಡಿನ ಗೆರೆ ಎಳೆಯುವವನೇ ಅರ್ಧ ಚುನಾವಣೆ ನಡೆಸುತ್ತಾನೆ.

ಕಲ್ಯಾಣ್-ಡೊಂಬಿವಲಿಯಲ್ಲಿ ಮತದಾನಕ್ಕೆ ಮೊದಲೇ ಹಲವು ಸ್ಥಾನಗಳಿಗೆ ಅವಿರೋಧ ಆಯ್ಕೆಯೂ ಆಯಿತು. ಐದು ವರ್ಷ ಕಾದು ಕೂತ ಆ ಸ್ಥಾನಗಳ ಮತದಾರರಿಗೆ ಆರಿಸುವ ಅವಕಾಶ ಸಿಗಲೇ ಇಲ್ಲ.

ಹಾಗಾದರೆ ನಗರಾಡಳಿತ ಹಿಂದಿಗಿಂತ ಕಡಿಮೆ ಪ್ರಜಾಸತ್ತಾತ್ಮಕವಾಗಿದೆಯೇ? 1872ರ 50 ರೂಪಾಯಿ ತೆರಿಗೆಯ ಮತದಾರನನ್ನು, 1927ರ ಮಹಾಡನ್ನು ನೆನೆದವರು ಹೌದು ಎಂದು ಸುಲಭವಾಗಿ ಹೇಳಲಾರರು. ಇಂದಿನ ಸಭೆ ಊರಿನ ಮುಖವನ್ನು ಎಂದಿಗಿಂತ ಹೆಚ್ಚು ಹೋಲುತ್ತದೆ. ಆದರೆ ಆ ಸಭೆಗೆ ಹಣವಿಲ್ಲ, ನೆಲದ ಮೇಲೆ ಪೂರ್ಣ ಹಕ್ಕಿಲ್ಲ, ಆಯುಕ್ತರ ಮೇಲೆ ಹಿಡಿತವಿಲ್ಲ. ತಾನು ಇರಬೇಕೋ ಬೇಡವೋ ಎಂಬುದೂ ಅದರ ಕೈಯಲ್ಲಿಲ್ಲ. ಹೆಂಗಸರು, ದಲಿತರು, ಹಿಂದುಳಿದವರು ಹೋರಾಡಿ ಒಳಗೆ ಬರುವ ಹೊತ್ತಿಗೆ ತೀರ್ಮಾನಗಳು ಆ ಕೋಣೆಯಿಂದ ಎದ್ದು ಮಂತ್ರಾಲಯದ ಮಹಡಿ ಹತ್ತಿದ್ದವು.

ಹೊಸ ಸಭೆಗಳಿಗೆ ಐದು ವರ್ಷದ ಅವಧಿ. ಅದು 2031ರ ಆರಂಭದಲ್ಲಿ ಮುಗಿಯುತ್ತದೆ. ಅಷ್ಟರೊಳಗೆ, ಯಾವ ಕೋರ್ಟಿನ ಗಡುವೂ ಇಲ್ಲದೆ, ಹೊತ್ತಿಗೆ ಸರಿಯಾಗಿ ಮುಂದಿನ ಚುನಾವಣೆ ನಡೆಯುತ್ತದೆಯೇ ಎಂಬುದು ಮೊದಲ ಪರೀಕ್ಷೆ. ಎರಡನೆಯದು ಪ್ರತಿ ವರ್ಷ ಬಜೆಟ್ ದಿನ ನಡೆಯುತ್ತದೆ. ಆಯುಕ್ತರು ತಂದ ಕಡತದಲ್ಲಿ ನಗರಸೇವಕರು ಎಷ್ಟು ಸಾಲು ತಿದ್ದಿದರು, ಯಾವ ವಾರ್ಡಿಗಾಗಿ ತಿದ್ದಿದರು ಎಂದು ನೋಡಿಕೊಳ್ಳುವ ಕೆಲಸ ಥಾಣೆ, ಡೊಂಬಿವಲಿ, ವಾಶಿಗಳ ಮತದಾರರದು.